ಒಂದು ಗೇಣು ಕಡಿಮೆಯ ಡಾಬು

ನಾನು ಒಂದು ಡಾಬು, ಸೊಂಟಕ್ಕೆ ಕಟ್ಟುವ ಬೆಳ್ಳಿಯ ಪಟ್ಟಿ. ಸುಮ್ಮನೆ ಕೂರುವುದು ನನ್ನ ಹುಟ್ಟುಗುಣವೇ ಅಲ್ಲ. ಕಟ್ಟಿಕೊಂಡವಳು ನಡೆದರೆ ಕುಣಿಯುತ್ತೇನೆ, ಕೂತರೆ ಚುಚ್ಚುತ್ತೇನೆ, ಬೀರುವಿನಲ್ಲಿಟ್ಟರೆ ಒಳಗೇ ಕುದಿಯುತ್ತೇನೆ. ಹೊಗಳಿಕೊಳ್ಳಲು ಈ ಕತೆ ಹೇಳುತ್ತಿಲ್ಲ. ನನ್ನಿಂದಾಗಿ ಒಂದು ಹುಡುಗಿಯ ಉಸಿರೇ ನಿಲ್ಲುವುದರಲ್ಲಿತ್ತು. ಆ ಸಂಕಟ ಇನ್ನೂ ಆರಿಲ್ಲ.

ಕೊಪ್ಪಳದ ಕಡೆಯ ಒಂದು ಊರಿನಲ್ಲಿ, ಅಕ್ಕಸಾಲಿ ಪತ್ತಾರನ ಅಗ್ಗಿಷ್ಟಿಕೆಯ ಮುಂದೆ ನಾನು ಹುಟ್ಟಿದೆ. ಒಂದು ನವಿಲು, ಒಂದು ಮಾವಿನಕಾಯಿ, ಮತ್ತೆ ನವಿಲು, ಮತ್ತೆ ಮಾವಿನಕಾಯಿ, ಹೀಗೆ ಬಿಲ್ಲೆಗೆ ಬಿಲ್ಲೆ ಕೂಡಿಸಿ ನನ್ನನ್ನು ಕಟ್ಟಿದ. ಹಂಪವ್ವ ಎಂಬ ಮದುಮಗಳಿಗಾಗಿ. ಹಂಪವ್ವ ಗಟ್ಟಿ ಹೆಣ್ಣು, ತುಂಬಿದ ಜೋಳದ ಚೀಲವನ್ನು ಒಬ್ಬಳೇ ಎತ್ತಿ ಗೋಡೆಗೆ ಒರಗಿಸುವವಳು. ಅಳತೆ ನೋಡಿದ ಪತ್ತಾರ, “ಬೆಳ್ಳಿ ಭಾಳ ಹಿಡಿತೈತಿ, ಗೌಡ್ರ” ಅಂದ. ಅವಳಪ್ಪ ಮೀಸೆ ತೀಡುತ್ತ, “ಹಿಡೀಲಿ ಬಿಡು. ನನ್ನ ಮಗಳು ಉಣ್ಣಾಕಿ, ದುಡಿಯಾಕಿ” ಅಂದ. ನಾನು ಜಂಬದಿಂದ ಮಿಂಚಿದೆ.

ಆ ಜಂಬ ಬಹಳ ಕಾಲ ಉಳಿಯಲಿಲ್ಲ. ಹಂಪವ್ವ ಬಸುರಿಯಾದ ವರ್ಷ ಊರಿಗೆ ಊರೇ ಹಸಿಯಿತು. ಅಂಬಲಿ ಕುಡಿದೇ ಅವಳು ದಿನ ತುಂಬಿಸಿದಳು. ಮಗಳು ಗಾಳೆವ್ವ ಹುಟ್ಟಿದ ಮೇಲೆ ಹಂಪವ್ವ ನನ್ನನ್ನು ಕಟ್ಟಿಕೊಂಡರೆ, ನಾನು ಸೊಂಟದಲ್ಲಿ ನಿಲ್ಲದೆ ಅವಳ ಕಾಲ ಬಳಿ ಬಿದ್ದೆ. ಅಯ್ಯೋ ಶಿವನೇ, ಎಂಥ ಹೆಣ್ಣು ಹೇಗಾಗಿಹೋದಳು! ಪತ್ತಾರ ನನ್ನನ್ನು ನಡುವೆ ಕತ್ತರಿಸಿ, ಒಂದು ಗೇಣು ತೆಗೆದು, ಉಳಿದದ್ದನ್ನು ಮತ್ತೆ ಬೆಸೆದ. ತೆಗೆದ ಬಿಲ್ಲೆಗಳು ಜೋಳವಾಗಿ ಮನೆಗೆ ಬಂದವು. ಬೆಸೆದ ಜಾಗದಲ್ಲಿ ಮಾವಿನಕಾಯಿ ಇಲ್ಲ, ಎರಡು ನವಿಲುಗಳು ಒಂದಕ್ಕೊಂದು ಅಂಟಿಕೊಂಡಿವೆ. ಯಾರೂ ಅಷ್ಟು ಹತ್ತಿರದಿಂದ ನೋಡುತ್ತಿರಲಿಲ್ಲ.

ಮುಂದೆ ನಾನು ಗಾಳೆವ್ವನ ಸೊಂಟಕ್ಕೆ ಬಂದೆ. ಅವಳು ಮೂರು ಹೊತ್ತೂ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಹೊಲದಲ್ಲಿ ಕರಗಿಸುತ್ತಿದ್ದಳು. ಕತ್ತರಿಸಿದ ಅಳತೆ ಅವಳಿಗೆ ಸರಿಹೋಯಿತು. ಅವಳ ಮಗಳು ಶಕುಂತಲಾಳಿಗೂ ಮದುವೆಯ ದಿನ ಸರಿಹೋಯಿತು. ಅಲ್ಲಿಗೆ ಒಂದು ಮಾತು ಹುಟ್ಟಿಕೊಂಡಿತು, “ನಮ್ಮ ಮನ್ಯಾಗಿನ ಹೆಣ್ಮಕ್ಕಳ ನಡಾ ಅಂದ್ರ ಡಾಬಿನಷ್ಟು!” ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನೆಂಟರೆಲ್ಲ ಹೊಗಳುವವರೇ. ಹಸಿವಿನ ಅಳತೆಯನ್ನು ಮನೆತನದ ಅಳತೆ ಮಾಡಿಬಿಟ್ಟರಲ್ಲ, ಇವರಿಗೆ ಹೇಳುವವರು ಯಾರು? ನನಗೆ ಬಾಯಿಲ್ಲ, ಬರೀ ಕೊಂಡಿ.

ಆಮೇಲೆ ಊರ ಪಕ್ಕದಲ್ಲಿ ಕಬ್ಬಿಣದ ಫ್ಯಾಕ್ಟರಿ ಎದ್ದಿತು. ಶಕುಂತಲಾಳ ಗಂಡನಿಗೆ ಅಲ್ಲೇ ಕೆಲಸ. ಹೊಲದಲ್ಲಿ ಒಂದು ತುಂಡು ಉಳಿಯಿತು, ಮಿಕ್ಕದ್ದು ಲಾರಿ ನಿಲ್ಲುವ ಜಾಗವಾಯಿತು. ಗಾಳಿ ಕೆಟ್ಟದ್ದು ಮೊದಲು ಗೊತ್ತಾದದ್ದು ನನಗೆ. ಮೊದಲೆಲ್ಲ ನನ್ನನ್ನು ವರ್ಷಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಸಾಕಿತ್ತು. ಈಗ ಬೀರುವಿನೊಳಗೆ, ಬಟ್ಟೆಯಲ್ಲಿ ಸುತ್ತಿಟ್ಟರೂ ತಿಂಗಳೊಳಗೆ ಕಪ್ಪಾಗುತ್ತೇನೆ. ಅಂಗಳದಲ್ಲಿ ಒಣಹಾಕಿದ ಹಪ್ಪಳದ ಮೇಲೂ ಕರಿ ಪುಡಿ. ಆದರೆ ಮನೆ ನಡೆಯುವುದೇ ಆ ಸಂಬಳದಲ್ಲಿ. ಉಣ್ಣುವ ತಟ್ಟೆಗೆ ಬೈಯುವುದು ಹೇಗೆ?

ಆ ಗಾಳಿಯಲ್ಲಿ ಬೆಳೆದವಳು ಶಕುಂತಲಾಳ ಮಗಳು ತೇಜಸ್ವಿನಿ. ಖೋ ಖೋ ಆಡಲು ಹೋದರೆ ಯಾರ ಕೈಗೂ ಸಿಗದ ಹುಡುಗಿ. ಒಂದು ಚಳಿಗಾಲ ಉಬ್ಬಸ ಹತ್ತಿತು. ಓಡಬೇಡ, ಹೊರಗೆ ಹೋಗಬೇಡ, ಕಿಟಕಿ ತೆಗೆಯಬೇಡ! ಹುಡುಗಿ ಒಳಗೇ ಕೂತಳು. ಕೂತವಳ ಬೇಸರ ಕಳೆಯಲು ಬೇಕರಿಯಿಂದ ಪಫ್ಸ್ ಬಂತು, ಕರಿದ ಪೊಟ್ಟಣ ಬಂತು, ಬಣ್ಣದ ಬಾಟಲಿ ಬಂತು. ರೊಟ್ಟಿ ಬಡಿಯಲು ಯಾರಿಗೆ ಪುರುಸೊತ್ತು? ಮೈ ಬೆಳೆಯಿತು. ಶಕುಂತಲಾಳ ಮೈಯೂ ಬೆಳೆದು ಸಕ್ಕರೆ ಕಾಯಿಲೆ ಬಂದಿತ್ತು. ಜೊತೆಯಲ್ಲೇ ಇದ್ದ ಗಾಳೆವ್ವನಿಗಂತೂ ಮೊದಲಿನಿಂದ ಇತ್ತು. ಮೂವರದೂ ಗುಳಿಗೆ, ಉಬ್ಬಸದ ಪಂಪು, ಎಲ್ಲ ನನ್ನ ಬೀರುವಿನಲ್ಲೇ. ಅವುಗಳ ವಾಸನೆಗೆ ನನಗೆ ತಲೆ ಸುತ್ತುತ್ತಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ. ಸೀಗೆ ಹುಣ್ಣಿಮೆಯ ದಿನ ಹೊಲದ ಪೈರನ್ನು ಬಸುರಿ ಹೆಣ್ಣೆಂದು ತಿಳಿದು ಊಟ ಬಡಿಸುತ್ತಾರೆ. ಆ ಊಟದ ಬುಟ್ಟಿಯನ್ನು ವಯಸ್ಸಿಗೆ ಬಂದ ಮಗಳು ನನ್ನನ್ನು ಕಟ್ಟಿಕೊಂಡೇ ಹೊರಬೇಕು. ಆ ವರ್ಷ ತೇಜುವಿನ ಸರದಿ. ಗಣೇಶನ ಹಬ್ಬದಲ್ಲಿ ಶಕುಂತಲಾಳ ನಾದಿನಿ ನನ್ನನ್ನು ಎತ್ತಿ ಹಿಡಿದು, “ಇದು ತೇಜೂನ ತೊಡಿಗಾದ್ರ ಭಾಳಾತು” ಎಂದು ನಕ್ಕಳು. ಶಕುಂತಲಾ ನಗಲಿಲ್ಲ. ಮರುದಿನದಿಂದ ಹುಡುಗಿಗೆ ನಿಂಬೆನೀರು, ಸೌತೆಕಾಯಿ, ಮತ್ತೆ ನಿಂಬೆನೀರು.

ವಾರಕ್ಕೊಮ್ಮೆ ನನ್ನನ್ನು ತೆಗೆದು ಅವಳ ಸೊಂಟಕ್ಕೆ ಹಿಡಿಯುವುದು.

“ಉಸಿರು ಒಳಗ ಎಳಕೋ. ಇನ್ನಷ್ಟು. ನಮ್ಮವ್ವಗ ಆತು, ನನಗ ಆತು, ನಿನಗ್ಯಾಕ ಆಗಂಗಿಲ್ಲ?”

“ಎದಿ ಬಿಗೀತೈತಿ, ಮಮ್ಮಿ.”

ಮೂಲೆಯಲ್ಲಿ ಕೂತ ಗಾಳೆವ್ವ, “ಕೂಸಿಗೆ ಒಂದು ರೊಟ್ಟಿ ಕೊಡು, ಶಕ್ಕೂ” ಅನ್ನುತ್ತಿದ್ದಳು. “ನೀ ಸುಮ್ನಿರವ್ವ. ಬೆಲ್ಲ ತಿನ್ನಿಸಿ ತಿನ್ನಿಸಿ ಕೆಡಿಸಿದಾಕಿ ನೀನ” ಎಂದು ಮಗಳು ಗದರುವಳು. ರಾತ್ರಿ ಮಾತ್ರ ಶಕುಂತಲಾ ಕನ್ನಡಿಯ ಮುಂದೆ ನಿಂತು, “ನನ್ನ ಮೈಯಾಗಿಂದ ಆಕಿಗೆ ಬಂತಲ್ಲ” ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಮರುಕವೂ ಬರುತ್ತಿತ್ತು.

ಹುಣ್ಣಿಮೆ ಬಂತು. ಲಂಗ ದಾವಣಿಯ ಮೇಲೆ ನನ್ನನ್ನು ಎಳೆದು ಎಳೆದು ಕೊಂಡಿ ಸಿಕ್ಕಿಸಿದರು. ಗೆದ್ದೆವು ಎಂದು ಶಕುಂತಲಾ ದೃಷ್ಟಿ ತೆಗೆದಳು. ತೇಜು ತಲೆಯ ಮೇಲೆ ಬುಟ್ಟಿ ಹೊತ್ತಳು. ಬುಟ್ಟಿಯಲ್ಲಿ ಹೋಳಿಗೆ, ಕಡುಬು, ಪಲ್ಯ, ಬುತ್ತಿ. ಹೊತ್ತವಳ ಹೊಟ್ಟೆಯಲ್ಲಿ ಏನೂ ಇಲ್ಲ. ಭೂಮಿತಾಯಿ ಹಸಿದಿರಬಾರದಂತೆ, ಮಗಳು ಹಸಿಯಬಹುದಂತೆ!

ಹೊಲದ ಬದು ಮುಟ್ಟುವಾಗ ಫ್ಯಾಕ್ಟರಿ ಚಿಮಣಿಯ ಹೊಗೆ ನೆಲಕ್ಕೆ ಇಳಿದಿತ್ತು. ಪೈರಿನ ಎಲೆಗಳೆಲ್ಲ ಕಪ್ಪು. ತೇಜುವಿನ ಎದೆ ಸುಂಯ್ ಸುಂಯ್ ಎನ್ನತೊಡಗಿತು. ಉಸಿರು ತುಂಬಿಕೊಳ್ಳಲು ಅವಳ ಹೊಟ್ಟೆ ಹೊರಗೆ ಒತ್ತುತ್ತಿತ್ತು, ನಾನು ಒಳಗೆ ಒತ್ತುತ್ತಿದ್ದೆ. ಬಿಡಿಸಿರೋ, ಯಾರಾದರೂ ಬಿಡಿಸಿರೋ! ಒಡವೆಯ ಕೂಗು ಯಾರಿಗೆ ಕೇಳುತ್ತದೆ? ಬುಟ್ಟಿ ಜಾರಿತು. ಹುಡುಗಿ ಕುಸಿದಳು. ಆ ಕುಸಿತಕ್ಕೆ ನನ್ನ ಹಳೇ ಬೆಸುಗೆ ಪಟ್ಟೆಂದು ಬಿಟ್ಟಿತು. ಹಂಪವ್ವನ ಆಣೆ, ನನ್ನ ಬಾಳಿನಲ್ಲಿ ಅಷ್ಟು ಹಗುರಾದದ್ದು ಅದೊಂದೇ ಸಲ.

ಗಾಳೆವ್ವ ಅವಳನ್ನು ಎತ್ತಿ ಕೂರಿಸಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ಪಂಪು ಬಾಯಿಗಿಟ್ಟಳು. ಉಸಿರು ತಿರುಗಿತು. ಬೆಲ್ಲದ ಚೂರು ಬಾಯಿಗೆ ಹಾಕಿದಳು. ಭೂಮಿಗೆ ಬಡಿಸುವ ಮೊದಲೇ ಬುಟ್ಟಿಯಿಂದ ಬುತ್ತಿ ತೆಗೆದು ಮೊಮ್ಮಗಳಿಗೆ ತುತ್ತು ಮಾಡಿದಳು. “ಅವ್ವಾ, ಇನ್ನೂ ಪೂಜಿ ಆಗಿಲ್ಲ!” ಎಂದು ಶಕುಂತಲಾ ಗಾಬರಿಯಾದಳು.

“ಇದ ಪೂಜಿ” ಅಂದಳು ಗಾಳೆವ್ವ. ಮುರಿದ ನನ್ನನ್ನು ಮಗಳ ಕಣ್ಣ ಮುಂದೆ ಹಿಡಿದಳು. “ಇಲ್ಲಿ ನೋಡು, ನವಿಲಿನ ಮಗ್ಗಲಕ ನವಿಲು. ನಡುವಿನ ಒಂದು ಗೇಣು ಎಲ್ಲಿ ಹೋತು? ನಾ ಹೊಟ್ಯಾಗಿದ್ದಾಗ ನಮ್ಮವ್ವ ಉಪಾಸ ಇದ್ಲು. ಆಕಿ ಬತ್ತಿದ್ದಕ್ಕ ಇದನ್ನ ಕತ್ತರಿಸಿದ್ರು. ಉಪಾಸದ ಕತಿ ಮಕ್ಕಳಿಗ್ಯಾಕ ಅಂತ ನಾ ಹೇಳಲಿಲ್ಲ. ನೀ ಆ ಉಪಾಸನ್ನ ನನ್ನ ಮೊಮ್ಮಗಳಿಗೆ ಕಟ್ಟಿದಿ.”

ಶಕುಂತಲಾ ಬದುವಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಆಸ್ಪತ್ರೆಯ ಡಾಕ್ಟರಮ್ಮ ಎಲ್ಲ ಕೇಳಿದಳಂತೆ. “ಅಜ್ಜಿ ಹಸಿದ ತಾಯಿಯ ಹೊಟ್ಟೆಯಲ್ಲಿ ಬೆಳೆದವರು. ಅಂಥ ಮೈ ಸಿಕ್ಕಿದ್ದನ್ನು ಕೂಡಿಡೋದು ಕಲಿಯುತ್ತೆ, ಆ ಗುಣ ಮಕ್ಕಳಿಗೂ ಇಳಿಯಬಹುದು ಅಂತಾರೆ. ಅದರ ಮೇಲೆ ಬೇಕರಿ ತಿಂಡಿ, ಅದರ ಮೇಲೆ ಈ ಹೊಗೆ. ಹುಡುಗಿ ಒಬ್ಬಳನ್ನೇ ಬೈದರೆ ಏನು ಬಂತು? ಉಪವಾಸ ಬೇಡ, ಊಟ ಸರಿ ಮಾಡಿ” ಅಂದಳಂತೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಗಾಳೆವ್ವನಿಗೂ ಗೊತ್ತಿತ್ತು. ಉಸಿರು ಬಲ್ಲವನ ಗಾದೆ ಮಾತ್ರ ಯಾರೂ ಕಟ್ಟಿಲ್ಲ.

ಈಗ ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು. ಪೊಟ್ಟಣಗಳು ಕಡಿಮೆಯಾಗಿವೆ. ಗಾಳಿ ತಿಳಿಯಾಗಿದ್ದ ದಿನ ತಾಯಿ ಮಗಳು ಕಾಲುವೆಯವರೆಗೆ ನಡೆದುಬರುತ್ತಾರೆ. ಶಕುಂತಲಾಳ ಸಕ್ಕರೆ ಸ್ವಲ್ಪ ಇಳಿದಿದೆ. ತೇಜು ತೆಳ್ಳಗಾಗಿಲ್ಲ, ಆದರೆ ಮೆಟ್ಟಿಲು ಹತ್ತಿದರೆ ಮೊದಲಿನಷ್ಟು ಏದುಸಿರಿಲ್ಲ. ನನ್ನನ್ನು ಮತ್ತೆ ಬೆಸೆಯಲು ಗಾಳೆವ್ವ ಬಿಡಲಿಲ್ಲ. ಮುರಿದ ಎರಡು ತುದಿಗಳ ನಡುವೆ ಕೆಂಪು ದಾರ ಕಟ್ಟಿದಳು. ಮರುವರ್ಷ ಕಟ್ಟಿಕೊಂಡಾಗ ತೇಜು ಆ ದಾರದ ಮೇಲೆ ಬೆರಳು ಚಾಚಿ ಅಳೆದಳು. ಸರಿಯಾಗಿ ಒಂದು ಗೇಣು. “ಅಜ್ಜಿ, ಇದು ನಿಮ್ಮವ್ವಂದು” ಎಂದು ನಕ್ಕಳು.

ಅಷ್ಟಾದರೂ ನನಗೆ ನೆಮ್ಮದಿಯಿಲ್ಲ. ಬೀರುವಿನ ಕತ್ತಲಲ್ಲಿ ದಿನದಿನಕ್ಕೆ ಕಪ್ಪೇರುವುದು ನಿಂತಿಲ್ಲ. ಪಕ್ಕದ ಕೋಣೆಯಿಂದ ತೇಜುವಿನ ಸುಂಯ್ ಸುಂಯ್ ಕೆಲವು ದಿನ ಇನ್ನೂ ಕೇಳುತ್ತದೆ. ಹಬ್ಬ ಬಂದರೆ ಯಾರಾದರೂ ಹುಣಸೆಹಣ್ಣು ಹಾಕಿ ನನ್ನನ್ನು ತಿಕ್ಕುತ್ತಾರೆ, ನಾನು ಮತ್ತೆ ಬೆಳ್ಳಗಾಗುತ್ತೇನೆ. ಆ ಹುಡುಗಿಯ ಎದೆಯನ್ನು ಯಾವ ಹುಣಸೆಹಣ್ಣಿನಿಂದ ತಿಕ್ಕುತ್ತೀರಿ, ಹೇಳಿ.