ಎಡಗೈಗೆ ತಿಳಿಸದ ಮಾತು

ಅಮೋಗಸಿದ್ದನಿಗೆ ಹೆಂಡತಿಯ ಮೇಲೆ ಅನುಮಾನ ಹುಟ್ಟಿದ್ದು ಒಂದೇ ದಿನಕ್ಕಲ್ಲ. ಮೊದಲು ಬುಟ್ಟಿಯಲ್ಲಿ ರೊಟ್ಟಿ ಕಡಿಮೆಯಾಗತೊಡಗಿದವು. ಆಮೇಲೆ ಹಾಲು. ಬೆಳಿಗ್ಗೆ ಕರೆದಿಟ್ಟ ಆಡಿನ ಹಾಲು, ಅವನು ಕುರಿ ಮೇಯಿಸಿಕೊಂಡು ಸಂಜೆ ಬರುವಷ್ಟರಲ್ಲಿ ತಳ ಕಂಡಿರುತ್ತಿತ್ತು. ಮನೆಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ. ಬೆಕ್ಕು ಕುಡಿಯಿತು ಅನ್ನೋಣವೆಂದರೆ ಬೆಕ್ಕೂ ಇರಲಿಲ್ಲ. ಒಂದು ದಿನ ಮೂಲೆಯಲ್ಲಿ ಮಡಿಚಿಟ್ಟಿದ್ದ ಕಂಬಳಿ ಕಾಣಲಿಲ್ಲ. ಎಲ್ಲಿ ಹೋಯಿತೆಂದು ಕೇಳಿದರೆ ಮಂಗಲ, "ಬೇಕಾಗಿತ್ತೇನ್ರಿ?" ಎಂದು ತಿರುಗಿ ಕೇಳಿ ಒಲೆಯ ಕಡೆ ಮುಖ ಮಾಡಿದಳು.

ಅವಳು ಸುಳ್ಳು ಹೇಳುವ ಹೆಂಗಸಲ್ಲ. ಅವನನ್ನು ಹೆಚ್ಚು ಕಾಡಿದ್ದೂ ಅದೇ. ಸುಳ್ಳು ಹೇಳಿದ್ದರೆ ಎಲ್ಲೋ ಒಂದು ಕಡೆ ಹಿಡಿದು ಎಳೆಯಬಹುದಿತ್ತು. ಬಾಯಿಯೇ ಬಿಡದವಳನ್ನು ಏನೆಂದು ಹಿಡಿಯುವುದು?

ಹಿಂದಿನ ಮಳೆಗಾಲದಲ್ಲಿ ಮಂಗಲ ಜ್ವರ ಬಂದು ಮಿರಜದ ಆಸ್ಪತ್ರೆಯಲ್ಲಿ ಮಲಗಿದ್ದಳು. ಪಕ್ಕದ ಹಾಸಿಗೆಯಲ್ಲಿದ್ದ ಇಂದುಬಾಯಿ ಎಂಬ ಹೆಂಗಸು ದಿನವೂ ಮರಾಠಿ ಬೈಬಲ್ ಓದುತ್ತಿದ್ದಳು. ಕೇಳಿ ಕೇಳಿ ಮಂಗಲಳೂ ಓದತೊಡಗಿದಳು. ಮರಾಠಿ ಸಾಲಿಯಲ್ಲಿ ಕಲಿತವಳಾದ್ದರಿಂದ ಅಕ್ಷರಕ್ಕೇನೂ ತೊಡಕಿರಲಿಲ್ಲ. ಊರಿಗೆ ಬಂದ ಮೇಲೆ ರವಿವಾರ ಬಸ್ಸು ಹತ್ತಿ ಜತ್ತಿಗೆ ಹೋಗಿ, ಪಂಡಿತ ಸರ ಎಂಬವರ ಮನೆಯಲ್ಲಿ ನಡೆಯುವ ಪ್ರಾರ್ಥನೆಗೆ ಕೂತು ಬರುತ್ತಿದ್ದಳು. ಪಂಡಿತ ಮೊದಲು ಸರಕಾರಿ ಎಸ್.ಟಿ. ಬಸ್ಸಿನ ಕಂಡಕ್ಟರ್ ಆಗಿದ್ದವರು. ಅಮೋಗಸಿದ್ದ ಬೇಡ ಅಂದಿರಲಿಲ್ಲ. ಸಾವಿನ ಬಾಗಿಲಿಂದ ತಿರುಗಿ ಬಂದವಳು, ಯಾವ ದೇವರಿಗೆ ಕೈ ಮುಗಿದರೇನು ಎಂದುಕೊಂಡಿದ್ದ. ಅವಳು ಒಬ್ಬಳೇ ಆಗಬಾರದೆಂದು ಆ ವರ್ಷ ಕುರಿಗಳನ್ನು ಕೃಷ್ಣೆಯ ಕಡೆಗೆ ಹೊಡೆಯದೆ ತಮ್ಮೂರು ದರಿಬಡಚಿಯ ಸುತ್ತಲೇ ಮೇಯಿಸುತ್ತಿದ್ದ.

ಚಹಾದಂಗಡಿಯ ದತ್ತಾ ಆ ಮಾತು ಹೇಳುವವರೆಗೂ ಅವನ ಅನುಮಾನಕ್ಕೆ ಮುಖವಿರಲಿಲ್ಲ. ದತ್ತಾ ಕಪ್ಪು ತೊಳೆಯುತ್ತ, ತಲೆ ಎತ್ತದೆಯೇ, ನಿನ್ನ ಮನೆಯಾಕೆ ಹಳ್ಳದ ದಂಡೆಗೆ ಯಾರದೋ ಮೋಟಾರ್ ಸೈಕಲ್ಲಿನಿಂದ ಇಳಿದಳು, ಗಾಡಿ ಹೊಡೆಯುವವನು ಬಿಳಿ ಅಂಗಿ ಹಾಕಿದ್ದ, ಜತ್ತಿನವನಿರಬೇಕು ಎಂದ. ಹೇಳಿದವನಿಗೆ ಅದು ಬರೀ ಸುದ್ದಿ. ಕೇಳಿದವನಿಗೆ ಬಾಯಲ್ಲಿದ್ದ ಚಹಾ ಕಹಿಯಾಯಿತು.

ಅಂದಿನಿಂದ ಮಂಗಲ ತಲೆ ಬಾಚಿದರೂ ಅವನಿಗೆ ಅರ್ಥ ಬೇರೆ, ಬಾಚದಿದ್ದರೂ ಬೇರೆ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಯಾರನ್ನು ನೆನೆಯುತ್ತಾಳೋ ಅನ್ನಿಸುತ್ತಿತ್ತು. ಊಟಕ್ಕೆ ಬಡಿಸುವಾಗ, ಏನಾದರೂ ಬೆರೆಸಿದ್ದಾಳೋ ಎಂದು ಅವಳ ಕೈಯನ್ನೇ ನೋಡುತ್ತಿದ್ದ. ಒಮ್ಮೆ ತಡೆಯಲಾರದೆ, ಮಧ್ಯಾಹ್ನ ಎಲ್ಲಿ ಹೋಗುತ್ತೀ ಎಂದು ಕೇಳಿಯೇಬಿಟ್ಟ.

"ಕೆಟ್ಟ ಕೆಲಸಕ್ಕ ಹೋಗಿಲ್ರಿ," ಎಂದಳು. "ಇಷ್ಟ ಕೇಳ್ರಿ. ಮುಂದ ಕೇಳಬ್ಯಾಡ್ರಿ."

ಅದರಿಂದ ಅವನ ನಿದ್ದೆಯೇನೂ ಮರಳಲಿಲ್ಲ.

ಮರುದಿನ ಕುರಿಗಳನ್ನು ಚಿಕ್ಕಪ್ಪನ ಮಗ ಮಾಳುವಿಗೆ ಒಪ್ಪಿಸಿ, ಜಾಲಿಕಂಟಿಯ ಮರೆಯಲ್ಲಿ ಕಾದು ಕುಂತ. ಬಿಸಿಲು ನೆತ್ತಿಗೆ ಬಂದಾಗ ಮಂಗಲ ಸೆರಗಿನಡಿ ಗಂಟು ಹಿಡಿದು ಹೊರಬಿದ್ದಳು. ಅತ್ತಿತ್ತ ನೋಡಿದಳು. ನೆಟ್ಟಗೆ ನಡೆಯುವವರು ಹಾಗೆ ನೋಡುವುದಿಲ್ಲ. ಒಣಗಿದ ಹಳ್ಳ ದಾಟಿ, ಬಿಳಿಜೋಳದ ಹೊಲಗಳ ಬದುವಿನ ಮೇಲೆ ನಡೆದು, ಆಚೆ ವಸ್ತಿಯ ಕೊನೆಯಲ್ಲಿದ್ದ, ತಗಡಿನ ಪತ್ರಾ ಹೊದಿಸಿದ ಶೆಡ್ಡಿನೊಳಗೆ ಹೋದಳು.

ಅವನು ಕೈಯಲ್ಲಿ ಕೋಲು ಹಿಡಿದೇ ಬಂದಿದ್ದ. ಪತ್ರಾಗಳ ಸಂದಿಗೆ ಕಣ್ಣು ಹಚ್ಚಿದ. ಒಳಗೆ ಗಂಡಸರಾರೂ ಇರಲಿಲ್ಲ. ಹೊರಸಿನ ಮೇಲೆ ಗೋಡೆಗೆ ಮುಖಮಾಡಿ ಒಬ್ಬ ಮುದುಕಿ ಮಲಗಿದ್ದಳು. ಮಂಗಲ ಒದ್ದೆ ಅರಿವೆಯಿಂದ ಅವಳ ಬೆನ್ನು ಒರೆಸುತ್ತಿದ್ದಳು. ಕಾಣೆಯಾದ ಕಂಬಳಿ ಕಾಲ ಮೇಲಿತ್ತು. ಪಕ್ಕದಲ್ಲಿ ನಡುವೆ ತೂತಿದ್ದ, ರೋಗಿಗಳನ್ನು ಬಹಿರ್ದೆಸೆಗೆ ಕೂರಿಸುವ ಕುರ್ಚಿ. ಅಮೋಗಸಿದ್ದನ ಉಸಿರು ಹಗುರಾಯಿತು; ತನ್ನ ಕೈಯಲ್ಲಿದ್ದ ಕೋಲು ನೋಡಿ ನಾಚಿಕೆಯಾಯಿತು.

ಅಷ್ಟರಲ್ಲಿ ಮುದುಕಿ ಈ ಕಡೆ ಹೊರಳಿ, ಸೊಂಟದ ನೋವಿಗೆ ನರಳಿ, ಏನೋ ಬೈದಳು. ಆ ದನಿ ಅವನಿಗೆ ಗೊತ್ತಿತ್ತು. ಅವಳು ಯಮನವ್ವ, ಅವನ ಮಲತಾಯಿ.

ಅವನ ತಾಯಿ ಸತ್ತ ಮೇಲೆ ಬಂದವಳು. ಮೀಸೆ ಮೂಡುವ ಮೊದಲೇ ಅವನನ್ನು ಬೇರೆಯವರ ಕುರಿ ಕಾಯಲು ಅಟ್ಟಿದವಳು. ಅದನ್ನಾದರೂ ಅವನು ಮರೆತಾನು. ಅಪ್ಪ ತೀರಿಕೊಂಡಾಗ ಅವನು ಕುರಿಗಳ ಜೊತೆ ಕೃಷ್ಣೆಯ ದಂಡೆಯಲ್ಲಿದ್ದ. ಅವಳು ಸುದ್ದಿ ಮುಟ್ಟಿಸಲಿಲ್ಲ. ತಿರುಗಿ ಬಂದು ನೋಡಿದರೆ ಅಪ್ಪನನ್ನು ಇಟ್ಟ ಮಣ್ಣಿನ ಮೇಲೆ ಹುಲ್ಲು ಮೊಳೆತಿತ್ತು. ಅಂದು ಬಿಟ್ಟ ಆ ಹೊಸ್ತಿಲನ್ನು ಅವನು ಮತ್ತೆ ತುಳಿದಿರಲಿಲ್ಲ; ಅವಳು ಈಗ ಈ ಶೆಡ್ಡಿನಲ್ಲಿರುವುದೂ ಅವನಿಗೆ ಗೊತ್ತಿರಲಿಲ್ಲ. ತನ್ನ ಮದುವೆಗೂ ಅವಳನ್ನು ಕರೆದಿರಲಿಲ್ಲ.

ಅವನು ಒಳಗೆ ಹೋಗಲಿಲ್ಲ. ಹೋಗಿದ್ದರೆ ಏನು ಮಾಡುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಸಂಜೆ ಮಂಗಲ ರೊಟ್ಟಿ ಬಡಿಯುವಾಗ, ಎಲ್ಲವನ್ನೂ ಕಂಡೆ ಎಂದಷ್ಟೇ ಹೇಳಿದ. ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಆಮೇಲೆ ಒಂದೊಂದೇ ಹೊರಬಂತು. ಯಮನವ್ವ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ಗಿರಣಿಯಲ್ಲಿ ಕಿವಿಗೆ ಬಿದ್ದಿತ್ತು. ಅವಳ ಮಗ ಶಿದ್ರಾಯ ಹೆಂಡತಿಯೊಂದಿಗೆ ಕಬ್ಬು ಕಡಿಯುವ ಟೋಳಿಯ ಜನರ ಜೊತೆ ದೂರ ಹೋಗಿದ್ದ. ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡ ನೆರೆಯವಳು ಮನಸ್ಸಾದಾಗ ಬರುತ್ತಿದ್ದಳು. ವೈರಿಯನ್ನು ಪ್ರೀತಿಸು ಎಂದು ಓದಿದ ವಾರವೇ ಮಂಗಲ ಹಳ್ಳ ದಾಟಿದ್ದಳು. ತಾನು ಯಾರೆಂದು ಮುದುಕಿಗೆ ಹೇಳಿರಲಿಲ್ಲ. ಕಣ್ಣಿಗೆ ಪೊರೆ ಬಂದವಳು ಕೇಳಿರಲೂ ಇಲ್ಲ. ಅಂದು ಅವಳನ್ನೂ ಕೂರಿಸಿಕೊಂಡು ಮೋಟಾರ್ ಸೈಕಲ್ಲಿನ ಮೇಲೆ ಆ ಕುರ್ಚಿ ತಂದುಕೊಟ್ಟವರು ಪಂಡಿತ ಸರ.

"ನನಗ ಯಾಕ ಮುಚ್ಚಿಟ್ಟಿ?"

"ಬಲಗೈ ಮಾಡಿದ್ದು ಎಡಗೈಗೆ ತಿಳೀಬಾರದು ಅಂತ ಬೈಬಲ್‌ನ್ಯಾಗ ಐತ್ರಿ."

ಅಮೋಗಸಿದ್ದನಿಗೆ ಈ ಮಾತು ಇನ್ನೊಂದು ಅನುಮಾನ ತಂದಿತು. ಗಂಡನಿಗೆ ಮುಚ್ಚಿಡು ಎಂದು ಕಲಿಸುವ ಈ ಪಂಡಿತ ಎಂಥವನು? ಆ ರವಿವಾರ ಅವಳ ಜೊತೆ ತಾನೂ ಬಸ್ಸು ಹತ್ತಿದ.

ಪಂಡಿತ ಅವನು ನೆನೆಸಿದಂತಿರಲಿಲ್ಲ. ಹಲ್ಲು ಬಿದ್ದ, ಕಿವಿ ಸ್ವಲ್ಪ ಮಂದವಾದ ಮನುಷ್ಯ. ಪ್ರಾರ್ಥನೆ ಮುಗಿದು ಜನ ಎದ್ದ ಮೇಲೆ ಅಮೋಗಸಿದ್ದ ಎದುರಿಗೆ ಕುಂತು, ನಿಮ್ಮ ದೇವರು ಮನೆ ಒಡೆಯಲು ಹೇಳುತ್ತಾನೇನು ಎಂದು ನೇರ ಕೇಳಿದ. ಪಂಡಿತ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮಂಗಲಳ ಕಡೆ ನೋಡಿದರು.

"ತಂಗೀ, ಆ ಮಾತು ನಾಕು ಮಂದಿ ನೋಡಲಿ, ಹೊಗಳಲಿ ಅಂತ ದಾನ ಮಾಡೋರಿಗೆ ಹೇಳಿದ್ದು. ಗಂಡ ಹೆಂಡ್ತಿ ಇಬ್ಬರೂ ಒಂದ ಶರೀರ ಅಂತನೂ ಅದರಾಗ ಐತಿ. ಒಂದು ಹಿಡದು ಇನ್ನೊಂದು ಬಿಟ್ರ ಹಿಂಗ ಆಗತೈತಿ. ತಪ್ಪು ನಂದು. ಆ ವಾರ ಬಸ್ಸಿನ ಹೊತ್ತಾತು ಅಂತ ಪಾಠ ಅರ್ಧಕ್ಕ ಬಿಟ್ಟೆ. ಕುರ್ಚಿ ತಂದಾಗ, ನಿನ್ನ ಗಂಡಗ ಗೊತ್ತೈತೇನು ಅಂತ ನಾ ಕೇಳಬೇಕಾಗಿತ್ತು."

ಮಂಗಲ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. "ನಿಮ್ಮ ತಪ್ಪಲ್ರಿ ಸರ," ಎಂದಳು. "ಇವರಿಗೆ ಹೇಳಿದ್ರ ಬ್ಯಾಡ ಅಂತಾರಂತ ಅಂಜಿದ್ನಿ. ಆ ಅಂಜಿಕಿಗೆ ಬೈಬಲ್ ಮಾತು ಹೊಚ್ಚಿದ್ನಿ."

ಅಮೋಗಸಿದ್ದನಿಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಈ ಮಾತು. ಅವಳು ಹೆದರಿದ್ದು ತನಗೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಅವಳು, ನೀವು ಬೇಡ ಅಂದರೆ ನಾಳೆಯಿಂದ ಹೋಗುವುದಿಲ್ಲ, ಮುಚ್ಚಿಟ್ಟಂತೂ ಹೋಗುವುದಿಲ್ಲ ಎಂದಳು.

ಸೋಮವಾರ ಅವಳ ಜೊತೆ ಹಳ್ಳ ದಾಟಿದ. ಕರುಣೆ ಬಂದು ಹೊರಟವನಲ್ಲ. ಇಷ್ಟು ದಿನ ಯಾರ ಮನೆಯ ಅನ್ನ ತಿಂದಿದ್ದಾಳೆಂದು ಆ ಮುದುಕಿಗೆ ತಿಳಿಯಬೇಕು, ತಿಳಿದಾಗ ಅವಳ ಮುಖ ಸಣ್ಣದಾಗುವುದನ್ನು ತಾನು ನೋಡಬೇಕು ಎಂದೇ ಹೊರಟಿದ್ದ.

ಮಂಗಲ ಅಂಬಲಿಯ ಬಟ್ಟಲು ಯಮನವ್ವನ ಕೈಗಿಟ್ಟಳು. ಅವಳು ತುಟಿಗೆ ಹಚ್ಚುವ ಮೊದಲು ಅಮೋಗಸಿದ್ದ ಬಾಗಿಲಲ್ಲಿ ನಿಂತೇ, "ಚಿಗವ್ವ, ನಾ ಅಮೋಗಸಿದ್ದ. ಇಕಿ ನನ್ನ ಹೇಂತಿ," ಎಂದ.

ಮುದುಕಿ ಬಟ್ಟಲನ್ನು ದೂರ ತಳ್ಳಿ ಗೋಡೆಗೆ ಒತ್ತಿಕೊಂಡಳು. ಪೊರೆ ಮುಚ್ಚಿದ ಕಣ್ಣು ಅವನನ್ನು ಹುಡುಕುತ್ತಿದ್ದವು.

"ಇದರಾಗ ಏನ ಹಾಕಿದಿ?" ಎಂದಳು. "ಏನ ಹಾಕಿ ತಂದಿ?"

ಅವಳ ಮುಖ ಸಣ್ಣದಾಗಿತ್ತು. ಆದರೆ ಅವನು ಕಾಯುತ್ತಿದ್ದ ರೀತಿಯಲ್ಲಲ್ಲ. ಅಷ್ಟು ದಿನ ತಾಟಿನ ಮುಂದೆ ಕುಂತು ಹೆಂಡತಿಯ ಕೈ ನೋಡುತ್ತಿದ್ದವನಿಗೆ ಆ ಭಯ ಎಲ್ಲಿಂದ ಬರುತ್ತದೆಂದು ಗೊತ್ತಿತ್ತು. ಹೊರಸಿನ ಹತ್ತಿರ ಬಂದು ಬಟ್ಟಲು ಎತ್ತಿಕೊಂಡ. ಗುಟುಕರಿಸುವ ಸದ್ದು ಅವಳಿಗೆ ಕೇಳುವಂತೆ ಅರ್ಧ ಕುಡಿದ. ಉಳಿದದ್ದನ್ನು ಅವಳ ಕೈಗಿಟ್ಟು ಪಕ್ಕದಲ್ಲೇ ಕುಂತ. ಬಹಳ ಹೊತ್ತು ಕಾದು, ಅವನ ಉಸಿರು ನೆಟ್ಟಗಿದೆಯೆಂದು ಖಾತ್ರಿಯಾದ ಮೇಲೆ ಯಮನವ್ವ ಕುಡಿದಳು.

"ಅಪ್ಪ ಸತ್ತಾಗ ಯಾಕ ಹೇಳಿ ಕಳಸಲಿಲ್ಲ?" ಎಂದು ಅವನು ಕೇಳಿದ.

"ನೀ ಬಂದು ಹೊಲ ಕೇಳ್ತಿ, ನನ್ನ ಮಗನ್ನ ಬೀದಿಗೆ ಹಾಕ್ತಿ ಅಂತ ಸಂಶೆ ಇತ್ತು," ಎಂದಳು ಮುದುಕಿ. ಅಳಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ.

ಅವನಿಗೂ ಕ್ಷಮಿಸಿದೆ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಆದರೆ ಮಂಗಲ ಒಬ್ಬಳೇ ಅವಳನ್ನು ಕುರ್ಚಿಗೆ ಎತ್ತಲು ಒದ್ದಾಡುವುದನ್ನು ಕಂಡು, ಎದ್ದು ಇನ್ನೊಂದು ಕಡೆ ಕೈ ಕೊಟ್ಟ. ಮರುದಿನವೂ ಬಂದ. ಯಮನವ್ವ ಪ್ರತಿ ಸಲ ಮೊದಲು ಅವನಿಗೇ ಕುಡಿ ಅನ್ನುತ್ತಿದ್ದಳು. ಸುಗ್ಗಿಯ ಹೊತ್ತಿಗೆ ಅದನ್ನು ಬಿಟ್ಟಳು.

ಕಬ್ಬಿನ ಹಂಗಾಮು ಮುಗಿದು ಶಿದ್ರಾಯ ಹೆಂಡತಿಯೊಂದಿಗೆ ಗಂಟು ಹೊತ್ತು ಬಂದಾಗ, ಅಮೋಗಸಿದ್ದ ಶೆಡ್ಡಿನ ಮೇಲೇರಿ ಗಾಳಿಗೆ ಎದ್ದ ಪತ್ರಾಗಳ ಮೇಲೆ ಕಲ್ಲು ಹೇರುತ್ತಿದ್ದ. ಶಿದ್ರಾಯ ಗಂಟು ಇಳಿಸಲಿಲ್ಲ. ನೀ ಇಲ್ಲಿ ಯಾಕೆ, ನನ್ನ ಅವ್ವನಿಗೆ ಏನು ಮಾಡಿದಿ ಎಂದು ಕೇಳಿದ. ಅಮೋಗಸಿದ್ದ ಕೆಳಗಿಳಿದು ಕೈಯ ಧೂಳು ಕೊಡವಿಕೊಂಡ.

"ಕುಂದ್ರು ತಮ್ಮಾ," ಎಂದ. "ಮೊದಲಿಂದ ಎಲ್ಲಾ ಹೇಳ್ತೀನಿ."