ಕಣ್ಣು ಮೊದಲು ಬೀಳುವ ಜಾಗ

ಹೊಸಕೋಟೆಯಲ್ಲಿ ಚಾಂದ್ ಪಾಷಾ ಅವರ ಫ್ಲೆಕ್ಸ್ ಅಂಗಡಿಯ ಮಹಡಿ ಮೇಲೆ ನಮ್ಮ ಡಿಸೈನ್ ಕ್ಲಾಸು ನಡೆಯುತ್ತಿತ್ತು. ಶನಿವಾರ, ಭಾನುವಾರ ಮಾತ್ರ. ಎಂಟು ಜನ ಹುಡುಗಿಯರು, ನಾಲ್ಕು ಕಂಪ್ಯೂಟರು. ಕಲಿಸುತ್ತಿದ್ದವರು ಚಾಂದ್ ಪಾಷಾ ಅವರ ಮಗಳು ನಿಶತ್ ಮೇಡಂ. ಎರಡು ತಿಂಗಳು ಮುಗಿದ ಮೇಲೆ ನಮ್ಮಲ್ಲಿ ಒಬ್ಬಳನ್ನು ಕೆಳಗಿನ ಅಂಗಡಿಗೇ ಡಿಸೈನರ್ ಆಗಿ ತೆಗೆದುಕೊಳ್ಳುತ್ತೇವೆ ಎಂದು ಮೊದಲ ದಿನವೇ ಹೇಳಿದ್ದರು. ನಂದಗುಡಿ ಕಡೆಯಿಂದ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು, ಆ ಒಬ್ಬಳು ನಾನೇ ಎಂದು ಕನಸು ಕಾಣುತ್ತಿದ್ದೆ.

ಮೊದಲ ಪಾಠಕ್ಕೆ ಮೇಡಂ ಯಾರದೋ ಮದುವೆಯ ಪತ್ರಿಕೆ ತಂದಿದ್ದರು. ಕಣ್ಣು ಮುಚ್ಚಿ ತೆರೆಯಿರಿ, ಮೊದಲು ಕಂಡದ್ದೇನು ಎಂದು ಕೇಳಿದರು. ಒಬ್ಬಳಿಗೆ ಗಣೇಶ ಕಂಡಿದ್ದ, ಇನ್ನೊಬ್ಬಳಿಗೆ ಛತ್ರದ ಹೆಸರು, ನನಗೆ ಅಂಚಿನ ನವಿಲು. ಮದುವೆಯಾಗುವವರ ಹೆಸರು ಯಾರಿಗೂ ಕಂಡಿರಲಿಲ್ಲ.

"ಕಣ್ಣು ತಾನಾಗಿ ಎಲ್ಲೂ ಹೋಗಲ್ಲ, ನಾವು ಕಳಿಸಿದ ಕಡೆ ಹೋಗುತ್ತೆ," ಎಂದರು ಮೇಡಂ. "ಯಾವುದು ಮುಖ್ಯ ಅಂತ ಮೊದಲು ತೀರ್ಮಾನ ಮಾಡಿ. ಆಮೇಲೆ ಮೌಸ್ ಮುಟ್ಟಿ."

ಮುಖ್ಯವಾದದ್ದು ದೊಡ್ಡದಾಗಿರಬೇಕು. ಅದರ ಹಿಂದೆ ತಿಳಿ ಬಣ್ಣವಿರಬೇಕು, ಸುತ್ತ ಖಾಲಿ ಜಾಗವಿರಬೇಕು. ಉಳಿದವರೆಲ್ಲ ಖಾಲಿ ಜಾಗ ಬಿಡಲು ಹೆದರಿದರು. ನನಗೆ ಅದು ಹೊಸದಾಗಿರಲಿಲ್ಲ. ನಮ್ಮಜ್ಜಿ ನರಸಮ್ಮ ಕಥೆ ಹೇಳುವಾಗ, ರಾಣಿ ಕೋಟೆ ಬಾಗಿಲು ತೆರೆದಳು ಎಂಬಲ್ಲಿಗೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತುಬಿಡುತ್ತಿದ್ದಳು. ಆ ಹೊತ್ತಿನಲ್ಲಿ ರಾಣಿ ಎಷ್ಟೆತ್ತರ ಬೆಳೆಯುತ್ತಿದ್ದಳೆಂದರೆ ಬಾಗಿಲೇ ಸಾಲದಾಗುತ್ತಿತ್ತು.

ಕ್ಲಾಸಿನ ಕೊನೆಗೆ ಪ್ರತಿಯೊಬ್ಬರೂ ನಿಜವಾಗಿ ಮುದ್ರಣಕ್ಕೆ ಹೋಗುವ ಒಂದು ಫ್ಲೆಕ್ಸ್ ಮಾಡಬೇಕಿತ್ತು. ನನಗೆ ಹುಡುಕುವ ಕೆಲಸವೇ ಬೀಳಲಿಲ್ಲ. ನಮ್ಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಆ ಸಲ ಮಹಿಳೆಗೆ ಮೀಸಲಾಗಿ, ನಮ್ಮಮ್ಮ ಭಾಗ್ಯಮ್ಮ ಅಧ್ಯಕ್ಷೆಯಾಗಿದ್ದಳು. ಅಪ್ಪ ಕೆಂಪರಾಜು ಹಿಂದೆ ಎರಡು ಸಲ ಮೆಂಬರ್ ಆಗಿದ್ದವರು. ಈ ಸಲ ಅಮ್ಮನಿಂದ ಅರ್ಜಿ ಹಾಕಿಸಿ, ಮನೆಮನೆ ತಿರುಗಿ ಗೆಲ್ಲಿಸಿದ್ದರು. ಮುಂದಿನ ಭಾನುವಾರ ಊರಲ್ಲಿ ಅಭಿನಂದನಾ ಸಮಾರಂಭ. ಫ್ಲೆಕ್ಸ್ ನಾನೇ ಮಾಡುತ್ತೇನೆ ಎಂದಾಗ ಅಪ್ಪ ಖುಷಿಯಿಂದಲೇ ಒಪ್ಪಿದರು.

ಅಮ್ಮನ ಫೋಟೊ ನಾನೇ ತೆಗೆದೆ. ಹಾಲು ಕರೆದು ಬಂದವಳು ಮುಖ ತೊಳೆದು, ಸೀರೆ ಬದಲಾಯಿಸಿ, ಸುಣ್ಣ ಬಳಿದ ಗೋಡೆಗೆ ಒರಗಿ ನಿಂತಳು. ನಗಬೇಕಾ ಬೇಡವಾ ಎಂದು ಎರಡು ಸಲ ಕೇಳಿದಳು. ಮೂರನೇ ಸಲ ಕೇಳುವುದಕ್ಕೆ ಮುಂಚೆ, ಅವಳಿಗೇ ತಿಳಿಯದಂತೆ ಒಂದು ನಗು ಬಂದಿತ್ತು. ಅದನ್ನು ಹಿಡಿದೆ. ಫ್ಲೆಕ್ಸಿನ ಅರ್ಧದಷ್ಟು ಅಮ್ಮನ ಮುಖ. ಪಕ್ಕದಲ್ಲಿ ಹೆಸರು, ಕೆಳಗೆ 'ಅಧ್ಯಕ್ಷರು, ಗ್ರಾಮ ಪಂಚಾಯಿತಿ'. ಉಳಿದದ್ದೆಲ್ಲ ಖಾಲಿ, ರಾಗಿ ತೆನೆ ಮಾಗುವಾಗಿನ ತಿಳಿಗಂದು. ಮೊಬೈಲಿನಲ್ಲಿ ತೋರಿಸಿದೆ. ಅಮ್ಮ ತನ್ನ ಕೆನ್ನೆಯನ್ನು ಪರದೆಯ ಮೇಲೆ ಬೆರಳಿನಿಂದ ಮುಟ್ಟಿ ನೋಡಿದಳು.

"ಯಾವತ್ತೂ ನನ್ನ ಮುಖ ಇಷ್ಟು ದೊಡ್ಡದಾಗಿ ನಾನೇ ನೋಡಿಲ್ಲ. ಇದು ಹಿಂಗೇ ಇರ್ಲಿ ಕಣಮ್ಮ," ಎಂದಳು.

ಹಿಂಗೇ ಇರುತ್ತದೆ ಎಂದು ಮಾತು ಕೊಟ್ಟೆ.

ಮೇಡಂ ಅದನ್ನು ಇಡೀ ಕ್ಲಾಸಿಗೆ ತೋರಿಸಿ, ಕಲಿಯುವುದೆಂದರೆ ಇದು ಎಂದರು. ಅವತ್ತೇ ಮಧ್ಯಾಹ್ನ ಅಪ್ಪ ಬಂದರು. ಜೊತೆಗೆ ಅವರ ಹಿಂದೆಮುಂದೆ ಓಡಾಡುವ ಮಂಜೇಶ. ಇನ್ನುಮುಂದೆ ಪಂಚಾಯಿತಿಯ ಬೋರ್ಡು, ಬ್ಯಾನರು ಎಲ್ಲ ನಿಮ್ಮ ಅಂಗಡಿಗೇ ಎಂದು ಕೆಳಗೆ ಚಾಂದ್ ಪಾಷಾ ಅವರಿಗೆ ಹೇಳಿಯೇ ಮಹಡಿ ಹತ್ತಿದ್ದರು. ಬಗ್ಗಿ ಪರದೆ ನೋಡಿದರು.

"ಇದೇನಮ್ಮ, ಅರ್ಧ ಖಾಲಿ ಬಿಟ್ಟಿದ್ದೀಯ?"

"ಬಣ್ಣ ಮುಗ್ದೋಗಿತ್ತೇನೋ ಬಿಡಣ್ಣ," ಎಂದ ಮಂಜೇಶ.

ಖಾಲಿ ಜಾಗ ಯಾಕೆ ಬೇಕೆಂದು ನಾನು ವಿವರಿಸಿದೆ. ಪಂಚಾಯಿತಿಗೆ ದೂರು ತರುವ ಹೆಂಗಸರ ಮುಂದೆ ಆಡಿಸುವ ಹಾಗೆ ಅಪ್ಪ ತಲೆಯಾಡಿಸುತ್ತಾ ಪೂರ್ತಿ ಕೇಳಿದರು. ಆಮೇಲೆ, "ನಾನೆಲ್ಲಿ?" ಎಂದರು.

"ಅಧ್ಯಕ್ಷೆ ಅಮ್ಮ ಅಲ್ವಾಪ್ಪ?"

"ಅಲ್ಲ ಅಂದೋರ್ಯಾರು? ಮಾಡ್ದೋನು ಯಾರು ಅಂತ ಜನಕ್ಕೆ ಕಾಣ್ಬೇಕಲ್ವ?"

ಮಂಜೇಶನ ಮೊಬೈಲಿನಲ್ಲಿ ಪಟ್ಟಿ ಸಿದ್ಧವಿತ್ತು. ಮೇಲಿನ ಸಾಲಿಗೆ ಐದು ಮುಖಂಡರು, ಕೆಳಗೆ ಖರ್ಚು ಹಾಕಿದ ಹದಿಮೂರು ಜನ, ಯಾರ ಪಕ್ಕ ಯಾರು ಬರಬಾರದು ಎಂಬುದು ಬೇರೆ. ನಡುವೆ ಆಳೆತ್ತರದ ಅಪ್ಪ, ಕೈ ಮುಗಿದುಕೊಂಡು. ನಾನು ನಿಶತ್ ಮೇಡಂ ಮುಖ ನೋಡಿದೆ. ಅವರು ಮೆಟ್ಟಿಲ ಬಳಿ ಬಂದು ನಿಂತಿದ್ದ ತಮ್ಮ ತಂದೆಯನ್ನು ನೋಡಿದರು.

"ಗಿರಾಕಿ ಯಾರನ್ನ ಮುಖ್ಯ ಅಂತಾರೋ ಅವರೇ ಮುಖ್ಯ, ಸಿಂಚನ. ಇದನ್ನೂ ಕಲ್ತ್ಕೊ," ಎಂದರು ಮೇಡಂ. ಆ ಮಾತನ್ನು ಅವರು ನನಗಲ್ಲ, ಕಂಪ್ಯೂಟರಿಗೆ ಹೇಳಿದಂತಿತ್ತು.

ಎದ್ದುಹೋಗಬಹುದಿತ್ತು. ಹೋದರೆ ಕೆಲಸ ಇನ್ನೊಬ್ಬಳಿಗೆ. ಮೆಟ್ಟಿಲಿಳಿದು ಅಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅಧ್ಯಕ್ಷೆ ನೀನು, ಆಗಲ್ಲ ಅಂತ ಒಂದು ಮಾತು ಹೇಳು, ಫೋನ್ ಅಪ್ಪನ ಕೈಗೆ ಕೊಡುತ್ತೇನೆ ಎಂದು ಕೇಳಿಕೊಂಡೆ. ಆ ಕಡೆ ಹಸು ಬಾನಿಯಲ್ಲಿ ನೀರು ಹೀರುವ ಸದ್ದು.

"ಎಷ್ಟು ಚಿಕ್ಕದು ಮಾಡ್ತಾರೆ?" ಎಂದು ಕೇಳಿದಳು.

ಮೇಲೆ ಐದು ಮುಖ, ಕೆಳಗೆ ಹದಿಮೂರು, ನಡುವೆ ಅಪ್ಪ ಎಂದು ಪಟ್ಟಿ ಹೇಳಿದೆ.

"ಗುರುತು ಸಿಗೋಷ್ಟಾದ್ರೂ ಇರ್ಲಿ," ಎಂದು ಫೋನ್ ಇಟ್ಟಳು.

ಮತ್ತೆ ಮೇಲೆ ಹೋಗಿ ಕೂತೆ. ಹೇಗೋ ಒಂದು ಮಾಡಿ ಕೊಟ್ಟಿದ್ದರೂ ಆಗುತ್ತಿತ್ತು. ನಾನು ಚೆನ್ನಾಗಿ ಮಾಡಿದೆ. ಅಪ್ಪನ ಬಿಳಿ ಅಂಗಿ ಎದ್ದು ಕಾಣಲು ಹಿಂದೆ ಕಡುನೀಲಿ ತಂದೆ. ಹದಿಮೂರು ಮುಖಗಳನ್ನೂ ಒಂದೇ ಅಳತೆಗೆ ತಂದು, ಎಲ್ಲರೂ ಅಪ್ಪನ ಕಡೆಗೇ ನೋಡುವಂತೆ ತಿರುಗಿಸಿದೆ. ಮಂಜೇಶ ಇನ್ನೊಂದು ಫೋಟೊ, ಮತ್ತೊಂದು ಫೋಟೊ ಎಂದು ಕಳಿಸಿದಾಗಲೆಲ್ಲ ಜಾಗ ಹುಡುಕಿದೆ. ಪ್ರತಿ ಸಲವೂ ಅದು ಅಮ್ಮನಿಂದಲೇ ಸಿಕ್ಕಿತು. ಕೊನೆಗೆ ಅವಳು ಎಡಮೂಲೆಯಲ್ಲಿ ಒಂದು ದುಂಡನೆಯ ಗೆರೆಯೊಳಗೆ ಉಳಿದಳು. ಆ ಅಳತೆಗೆ ನಗು ಅಳಿಸಿಹೋಗಿತ್ತು.

ಭಾನುವಾರ ಫ್ಲೆಕ್ಸ್ ಊರ ಬಾಗಿಲಲ್ಲಿ ನಿಂತಿತು. ಸಮಾರಂಭಕ್ಕೆ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದ ಹೆಡ್‌ಮಾಸ್ಟರನ್ನೂ ಕರೆದಿದ್ದರು. ಊರಿನ ಯಾರ ಪರಿಚಯವೂ ಅವರಿಗಿರಲಿಲ್ಲ. ವೇದಿಕೆ ಹತ್ತಿದವರೇ, ಶಾಲೆಯ ಪರವಾಗಿ ನೂತನ ಅಧ್ಯಕ್ಷರಿಗೆ ಎಂದು ಹೇಳಿ, ಸೀದಾ ಹೋಗಿ ಅಪ್ಪನ ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ಅರ್ಧ ಹೆಜ್ಜೆ ಮುಂದೆ ಬಂದಿದ್ದ ಅಮ್ಮ ಮುಗಿದ ಕೈಯನ್ನು ಹಾಗೇ ಹಿಡಿದು ಹಿಂದೆ ಸರಿದಳು. ಅಪ್ಪ ಒಂದು ಕ್ಷಣ ಸುತ್ತ ನೋಡಿ, ಹಾರ ಸರಿಮಾಡಿಕೊಂಡರು. ಮಂಜೇಶ ಚಪ್ಪಾಳೆ ಶುರುಮಾಡಿದ. ಸರ್, ಅಧ್ಯಕ್ಷರು ಆಯಮ್ಮ ಎಂದು ಹೇಳಲು ಒಬ್ಬರೂ ಏಳಲಿಲ್ಲ. ಮೂರನೇ ಸಾಲಿನಲ್ಲಿದ್ದ ನಾನೂ ಏಳಲಿಲ್ಲ. ಆ ಮೇಷ್ಟರ ತಪ್ಪೇನೂ ಇರಲಿಲ್ಲ. ಬರುವಾಗ ಅವರು ನನ್ನ ಫ್ಲೆಕ್ಸ್ ಓದಿಕೊಂಡು ಬಂದಿದ್ದರು.

ಸಂಜೆ ನಿಶತ್ ಮೇಡಂ ಫೋನ್ ಮಾಡಿ, ಸೋಮವಾರದಿಂದ ಅಂಗಡಿಗೆ ಬಾ ಎಂದರು. ಅಮ್ಮನಿಗೆ ಹೇಳಿದೆ. ಒಳ್ಳೇದಾಯ್ತು, ನಿನ್ನ ಕೈಲಿ ವಿದ್ಯೆ ಐತೆ ಅಂತ ನಿಮ್ಮಪ್ಪ ಎಲ್ರತ್ರಾನೂ ಹೇಳ್ತಾವ್ರೆ ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನಾದರೂ ಒಂದಿಷ್ಟು ಅಳಬಹುದಿತ್ತು. ಅವಳು ಕ್ಯಾನ್ ಎತ್ತಿಕೊಂಡು ಡೈರಿಗೆ ಹೋದಳು.

ಸೋಮವಾರ ಮೊದಲ ಗಿರಾಕಿ ಬೇರೆ ಪಂಚಾಯಿತಿಯವನು. ಅಲ್ಲಿಯೂ ಮಹಿಳೆಯೇ ಅಧ್ಯಕ್ಷೆಯಂತೆ. ಒಬ್ಬ ಹೆಂಗಸಿನ ಪಾಸ್‌ಪೋರ್ಟ್ ಅಳತೆಯ ಫೋಟೊ ಮೇಜಿನ ಮೇಲಿಟ್ಟ. ನಾನು ಅದನ್ನು ತೆಗೆದು ಪಕ್ಕಕ್ಕಿಟ್ಟೆ.

"ಇವರ ಯಜಮಾನ್ರ ಫೋಟೊ ಕೊಡಿ," ಎಂದೆ. "ಮೊದಲು ಅದನ್ನ ಕೂರಿಸೋಣ."