ಅರಗು ಬೆವರಿದ ಬುಧವಾರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಚನ್ನಪಟ್ಟಣದಲ್ಲಿ ಬುಗುರಿ, ಗಿಲಕಿ ಕಡೆಯುವ ಈ ಸಾಬೀರನ ಬಾಯಿಗೆ ಸಿಕ್ಕದವರೇ ಇಲ್ಲ ಅನ್ನುತ್ತಾರೆ. ಅನ್ನಲಿ. ಆ ಬುಧವಾರ ಬೈಯದೆ ಇದ್ದಿದ್ದರೆ ಇವತ್ತು ಇದನ್ನು ಹೇಳುವ ಪಾಡು ಇರುತ್ತಿರಲಿಲ್ಲ.

ಕೆಂಚಯ್ಯ ನನ್ನ ಗೆಣೆಕಾರ. ಕಣ್ವ ಜಲಾಶಯದ ಹಿನ್ನೀರಿನ ಪಕ್ಕ ಅವನ ಹೊಲ. ಮೂವತ್ತು ವರ್ಷದಿಂದ ಇಬ್ಬರೂ ಒಟ್ಟಿಗೆ ಗಾಳ ಹಾಕಿದವರು. ಬಾಳೆ ಮೀನು ಮಳೆಗೆ ಮುಂಚಿನ ಸೆಕೆಯಲ್ಲಿ ದಡಕ್ಕೆ ಬಂದು ಕಚ್ಚುತ್ತದೆ. ಮಳೆ ಬಿದ್ದು ಕೆಂಪು ನೀರು ಬಂದು ಸೇರಿತೋ, ಮುಗಿಯಿತು, ವಾರ ಕೂತರೂ ಇಲ್ಲ. ಆ ಒಂದು ದಿನ ಯಾವುದು ಅನ್ನುವುದು ನನಗೆ ಮೊದಲು ತಿಳಿಯುತ್ತಿತ್ತು. ಗಾಳಿಯಲ್ಲಿ ತೇವ ಏರಿದರೆ ಕಡೆಯುವ ಲೇತಿನ ಮೇಲೆ ಬುಗುರಿಗೆ ಹಚ್ಚಿದ ಬಣ್ಣದ ಅರಗು ಮಂಕಾಗುತ್ತದೆ, ಕೇದಗೆ ಗರಿ ಒತ್ತಿ ಉಜ್ಜಿದರೂ ಹೊಳಪು ಬರುವುದಿಲ್ಲ. ಅದಕ್ಕೆ ನಾವು ಬೆವರುವುದು ಅಂತೀವಿ. "ಅರಗು ಬೆವರ್ತು ಕಣ್ಲಾ" ಅಂತ ಫೋನು ಮಾಡಿದರೆ ಸಾಕು, ಅವನು ಗಾಳ ತೆಗೆದುಕೊಂಡು ಹೊರಡುತ್ತಿದ್ದ.

ಹೋದ ಮೇ ತಿಂಗಳಲ್ಲಿ ಒಂದು ಭಾನುವಾರ ಕುಂಟುತ್ತಾ ನನ್ನ ಅಂಗಡಿಗೆ ಬಂದ. ಸಕ್ಕರೆ ಕಾಯಿಲೆಗೆ ಬಲಗಾಲಿನ ಬೆರಳುಗಳು ಕಪ್ಪಾಗಿದ್ದವು.

"ಸನಿವಾರ ಬೆಂಗ್ಳೂರಲ್ಲಿ ಕಾಲು ತಗೀತಾರಂತೆ ಕಣ್ಲಾ, ಮೊಣಕಾಲಿಂದ ಕೆಳಕ್ಕೆ" ಅಂದ. "ಅದಕ್ಮುಂಚೆ ಎಲ್ಡು ಕಾಲ್ಮೇಲೆ ನಿಂತ್ಕಂಡು ಒಂದು ಬಾಳೆ ಎಳೀಬೇಕು. ಒಂದೇ ಒಂದು. ಅರಗು ಬೆವರಿದ್ ತಕ್ಷಣ ಹೇಳ್ಬುಡು."

"ಈಗ ಅರಗು ಯಾಕ್ಲಾ?" ಅಂತ ನನ್ನ ಹೊಸ ಫೋನು ತೋರಿಸಿದೆ. "ನೋಡು, ಗಂಟೆಗಂಟೆಗೂ ಹೇಳ್ತೈತೆ. ಮಳೆ ಸುಕ್ರವಾರ ಸಂಜೆ. ನಾವು ಸುಕ್ರವಾರ ಬೆಳಿಗ್ಗೆ ಹೋಗನ."

ಅವನು ಫೋನನ್ನು ಒಸಿ ಹೊತ್ತು ನೋಡಿದ. ಕುಂಟುತ್ತಲೇ ಹೊರಟ.

ಬುಧವಾರ ಬೆಳಿಗ್ಗೆ ಬುಗುರಿಗಳಿಗೆ ಹೊಳಪೇ ಏರಲಿಲ್ಲ. ಗರಿ ಬದಲಿಸಿದೆ, ಬಣ್ಣ ಬದಲಿಸಿದೆ, ಊಹೂಂ. ಫೋನಿನಲ್ಲಿ ನೋಡಿದರೆ ಸೂರ್ಯ ನಗುತ್ತಿದ್ದಾನೆ. ಹೊಸ ಅರಗು ಬೇರೆ, ಹಿಂದಿನ ದಿನ ತಂದದ್ದು. ಕಲಬೆರಕೆ ಮಾಲು ಕೊಟ್ಟಿದ್ದಾನೆ ಅಂತ ಕೋಪ ನೆತ್ತಿಗೇರಿತು. ಅರಗಿನ ಅಂಗಡಿಯ ಶೋಯೆಬ್‌ಗೆ ಫೋನು ಹಚ್ಚಿ ಅರ್ಧ ಗಂಟೆ ಜನ್ಮ ಜಾಲಾಡಿದೆ. ಪಾಪ, ಅವನು "ಮಾಲು ಸರಿ ಇದೆ ಭಾಯ್" ಅಂತ ಗೋಗರೆಯುತ್ತಲೇ ಇದ್ದ.

ಮಧ್ಯಾಹ್ನ ಮೂರಕ್ಕೆ ಸುರಿಯಿತು ನೋಡಿ! ರಸ್ತೆಯೆಲ್ಲ ಹೊಳೆ. ಲೇತು ನಿಲ್ಲಿಸಿ ಬಾಗಿಲಲ್ಲಿ ನಿಂತೆ. ಅಯ್ಯೋ, ಬೆಳಿಗ್ಗೆ ಅರಗು ಬೆವರಿತ್ತಲ್ಲ ಅನ್ನಿಸಿತು.

ಆದರೂ ಶುಕ್ರವಾರ ಹೋದೆವು. ನೀರು ರಾಗಿ ಅಂಬಲಿಯ ಹಾಗೆ ಕದಡಿತ್ತು. ಕೆಂಚಯ್ಯ ಕೋಲೂರಿಕೊಂಡು ನಾಲ್ಕು ಗಂಟೆ ನಿಂತೇ ಇದ್ದ, ಕೂರು ಅಂದರೂ ಕೂರಲಿಲ್ಲ. ಗಾಳದ ಬೆಂಡು ಒಮ್ಮೆಯೂ ಅಲ್ಲಾಡಲಿಲ್ಲ.

"ಬುಧವಾರ ಅರಗು ಬೆವರ್ಲಿಲ್ವೇನ್ಲಾ?" ಅಂತ ಕೇಳಿದ, ನೀರನ್ನೇ ನೋಡುತ್ತಾ.

"ಇಲ್ಲ ಕಣ್ಲಾ" ಅಂದೆ. ಊರಿಗೆಲ್ಲ ಬೈಯುವ ಬಾಯಿಗೆ ಆ ಹೊತ್ತು ಧೈರ್ಯ ಬರಲಿಲ್ಲ. ಅವನು ದಾರ ಸುತ್ತಿಕೊಂಡ. ಮಾರನೆಯ ದಿನ ಕಾಲು ತೆಗೆದರು.

ಮೂರು ತಿಂಗಳು ಆ ಸುಳ್ಳನ್ನು ಹೊತ್ತು ತಿರುಗಿದೆ. ಕೊನೆಗೆ ಹೇಳಿಯೇ ಬಿಡೋಣ ಅಂತ ಅವನ ಮನೆಗೆ ಹೋದೆ. ಅವನು ಒಳಗೆ ಮಲಗಿದ್ದ. ಮಗಳು ಸಿರಿ ಜಗುಲಿಯ ಮೇಲೆ ಕಾಫಿ ಕೊಟ್ಟಳು. ಮೂಲೆಯಲ್ಲಿ ಗಾಳ ಒರಗಿಸಿತ್ತು.

"ಇದನ್ನ ಯಾರಿಗಾದ್ರೂ ಕೊಟ್ಬುಡನ ಅಂದ್ರೆ ಬುಡಾಕಿಲ್ಲ ಕಣ್ ಮಾಮ" ಅಂದಳು. "ಆಸ್ಪತ್ರೆಗೆ ಹೋಗೋ ವಾರ, ಬುಧವಾರ, ಬೆಳಿಗ್ಗೆ ಎದ್ದವನೇ 'ಇವತ್ತೇ ಕಣವ್ವಾ, ಮೈಯೆಲ್ಲ ಅಂಟಂಟು' ಅಂತ ಗಾಳ ಹಿಡ್ಕಂಡು ಇಲ್ಲೇ ಕುಂತ್ಕಂಡ. ನೀವು ಫೋನ್ ಮಾಡ್ತೀರಿ ಅಂತ."

"ಅವನೇ ಮಾಡ್ಬೋದಿತ್ತಲ್ಲವ್ವಾ" ಅಂದೆ.

"ಮಾಡ್ದ, ಮಾಮ. ಬಿಜಿ ಬಂತು. ಅದಕ್ಕೆ ನಗ್ತಾ ಇಟ್ಬುಟ್ಟ. 'ಸಾಬೀರ ನಂಗೇ ಮಾಡ್ತಾವ್ನೆ, ಅದಕ್ಕೇ ಬಿಜಿ ಬತ್ತೈತೆ, ಫೋನ್ ಯಾರೂ ಮುಟ್ಬೇಡಿ' ಅಂದ. ಮಳೆ ಬರೋಗಂಟ ಹಂಗೇ ಕುಂತಿದ್ದ."